ಹಳೇ ಪೈನಲ್ಲಿ ಡಾಕರ್ ಡಿಎನ್ಎಸ್: ಕರೆಂಟ್ ಬಂದರೂ ನೆಟ್ ಬರುವುದಿಲ್ಲ, ಯಾಕೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಟಾರ್ ರಸ್ತೆ ಬಿಟ್ಟು ಒಳಗೆ ಸಿಗುತ್ತದೆ. ಪಕ್ಕದಲ್ಲೇ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಫೈಬರ್ ಇದೆ. ಸುಮ್ನೆ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್‌ಗೆ (1 ಜಿಬಿ ರ್ಯಾಮ್) ಉಬುಂಟು ಸರ್ವರ್ ಹಾಕಿ, ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಅನ್‌ಬೌಂಡ್ ಅನ್ನುವ ಡಿಎನ್ಎಸ್ ಸರ್ವರ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವುದು) ಓಡಿಸುತ್ತಿದ್ದೇನೆ. ಮನೆಯ ಫೋನ್, ಟಿವಿ, ಕ್ಯಾಮೆರಾ, ಪಂಪ್ ಕಂಟ್ರೋಲರ್ ಎಲ್ಲಕ್ಕೂ ಅದೇ ಡಿಎನ್ಎಸ್. ಪೈನ ಸ್ವಂತ ಡಿಎನ್ಎಸ್ ಕೂಡ 127.0.0.1, ಅಂದರೆ ಅದೇ ಕಂಟೇನರ್. ನಾನು ನೋಡಿದ ವಿಡಿಯೋದಲ್ಲಿ ಹಾಗೇ ಹೇಳಿದ್ದರು.

ಸಮಸ್ಯೆ ಇದು. ಅರ್ಧ ಗಂಟೆ, ಒಂದು ಗಂಟೆ ಕರೆಂಟ್ ಹೋಗಿ ಬಂದರೆ ಏನೂ ಆಗುವುದಿಲ್ಲ. ಮಳೆಗೆ ಮರ ಬಿದ್ದು ಎರಡು ದಿನ ಹೋಯಿತು ಅನ್ನಿ, ಇನ್ವರ್ಟರ್ ಕೂಡ ಕೈ ಕೊಡುತ್ತದೆ. ಕರೆಂಟ್ ಬಂದ ಮೇಲೆ ಪೈ ಏಳುತ್ತದೆ, ಕಂಟೇನರ್ ಓಡುತ್ತದೆ, 8.8.8.8ಕ್ಕೆ ಪಿಂಗ್ ಹೋಗುತ್ತದೆ. ಆದರೆ ಯಾವ ಸೈಟ್ ಕೇಳಿದರೂ ಸರ್ವ್‌ಫೇಲ್, ಅಂದರೆ ಹೆಸರು ಹುಡುಕಲು ಆಗಲಿಲ್ಲ ಅನ್ನುವ ಉತ್ತರ. ವಿಚಿತ್ರ ಏನೆಂದರೆ ನಾನೇ ಇಟ್ಟ ಹೆಸರುಗಳು, ಅಂದರೆ ಕ್ಯಾಮೆರಾ ಮತ್ತು ಪಂಪ್, ಸರಿಯಾಗಿ ಸಿಗುತ್ತವೆ. ಪೈನ ಮೆಮೊರಿ ಕಾರ್ಡ್‌ಗೆ ಹೊಸದಾಗಿ ಉಬುಂಟು ಬರೆದು ಮೊದಲಿಂದ ಶುರು ಮಾಡಿದರೆ ಎಲ್ಲ ಸರಿ. ಮತ್ತೆ ದೊಡ್ಡ ಕರೆಂಟ್ ಕಟ್, ಮತ್ತೆ ಅದೇ ಕಥೆ.

ಅನ್‌ಬೌಂಡ್ ಬಿಟ್ಟು ಬೇರೆ ಹಗುರದ್ದು ಹಾಕಲಾ? ಪೈ ಹೋಲ್? ಅಪ್ಪನ ಫೋನ್‌ನಲ್ಲಿ ಜಾಹೀರಾತು ನಿಲ್ಲಿಸಬೇಕು ಅಂತಲೂ ಇದೆ.

ದುರ್ಗಿಗುಡಿ_ಟೆಕ್

ಕಾರ್ಡ್ ಹೋಗಿದೆ, ಬೇರೆ ಮಾತಿಲ್ಲ. ಡಾಕರ್ ಲಾಗ್‌ಗಳು ದಿನವಿಡೀ ಬರೆಯುತ್ತಾ ಇರುತ್ತವೆ. ಅದರ ಮಧ್ಯೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಕೆಡುತ್ತದೆ. ಹೊಸದಾಗಿ ಬರೆದರೆ ಸರಿ ಹೋಗುತ್ತದೆ ಅಂತ ನೀವೇ ಹೇಳುತ್ತಿದ್ದೀರಲ್ಲ.

ಟರ್ಮಿನಲ್_ಅಕ್ಕ

ಕಾರ್ಡ್ ಹೋಗಿದ್ದರೆ ಕ್ಯಾಮೆರಾದ ಹೆಸರು ಮಾತ್ರ ಹೇಗೆ ಸಿಗುತ್ತದೆ? ಒಂದು ಗಂಟೆ ಕಟ್ ಆದಾಗ ಯಾಕೆ ಕೆಡುವುದಿಲ್ಲ? ಕಾರ್ಡ್‌ಗೆ ಎರಡು ದಿನ ಯಾವುದು, ಎರಡು ನಿಮಿಷ ಯಾವುದು ಅಂತ ಗೊತ್ತಿರುವುದಿಲ್ಲ.

ತೋಟದಮನೆ ಅವರೇ, ಮುಂದಿನ ಸಲ ಹೀಗಾದಾಗ ಕಾರ್ಡ್ ತೆಗೆಯಬೇಡಿ. ಪೈಗೆ ಎಸ್ಎಸ್ಎಚ್ ಮಾಡಿ (ಬೇರೆ ಕಂಪ್ಯೂಟರ್‌ನಿಂದ ಒಳಗೆ ಹೋಗಿ) `ಡೇಟ್` ಅಂತ ಹೊಡೆದು ಏನು ಬರುತ್ತದೆ ನೋಡಿ. ಅನ್‌ಬೌಂಡ್ ಕಂಟೇನರ್‌ನ ಲಾಗ್‌ನ ಕೊನೆಯ ಕೆಲವು ಸಾಲು ಇಲ್ಲಿ ಹಾಕಿ. ಕಾಯಲು ಇಷ್ಟವಿಲ್ಲದಿದ್ದರೆ ಟೈಮ್‌ಸಿಂಕ್ (ಗಡಿಯಾರ ತಾನಾಗಿಯೇ ಸರಿ ಮಾಡುವ ಸರ್ವಿಸ್) ನಿಲ್ಲಿಸಿ, ಕೈಯಾರೆ ಎರಡು ದಿನ ಹಿಂದಿನ ತಾರೀಕು ಇಟ್ಟು, ಅನ್‌ಬೌಂಡ್ ರೀಸ್ಟಾರ್ಟ್ ಮಾಡಿ ನೋಡಿ.

ಸೊರಬದವ

ಮೊದಲ ಪ್ರಶ್ನೆ, ಡಾಕರ್ ಯಾಕೆ ಮಾರಾಯ್ರೆ? 1 ಜಿಬಿ ಪೈನಲ್ಲಿ ಒಂದು ಡಿಎನ್ಎಸ್ ಓಡಿಸಲು ಅದಕ್ಕಿಂತ ದೊಡ್ಡ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಹೊತ್ತುಕೊಳ್ಳುವುದು. ಆ ಡೀಮನ್ ತಿನ್ನುವ ಮೆಮೊರಿಯಲ್ಲಿ ಎಷ್ಟೋ ಡಿಎನ್ಎಸ್‌ಮಾಸ್ಕ್ (ಹಗುರದ ಡಿಎನ್ಎಸ್ ಸರ್ವರ್) ಓಡಿಸಬಹುದು. ಎಪಿಟಿಯಿಂದ ಡಿಎನ್ಎಸ್‌ಮಾಸ್ಕ್ ಹಾಕಿ, ಹತ್ತು ಸಾಲಿನ ಕಾನ್ಫಿಗ್ ಬರೆಯಿರಿ, ಮುಗೀತು. ಡಿಎಚ್‌ಸಿಪಿಯನ್ನೂ (ಸಾಧನಗಳಿಗೆ ಐಪಿ ಹಂಚುವ ಕೆಲಸ) ಅದೇ ನೋಡಿಕೊಳ್ಳುತ್ತದೆ.

ಬೈನರಿ_ಭಟ್ರು

ಸೊರಬದವ ಅವರ ಮಾತು ಒಂದೇ ಸರ್ವಿಸ್ ಇರುವವರಿಗೆ ಸರಿ. ನನ್ನ ಪೈನಲ್ಲಿ ಡಿಎನ್ಎಸ್ ಜತೆಗೆ ಹೋಂ ಅಸಿಸ್ಟೆಂಟ್ ಇದೆ, ಎಂಕ್ಯೂಟಿಟಿ ಇದೆ. ಒಂದರ ಅಪ್‌ಡೇಟ್ ಇನ್ನೊಂದರ ಲೈಬ್ರರಿ ಕೆಡಿಸುವುದು ಬೇಡ ಅಂತ ಕಂಟೇನರ್. ಕಾರ್ಡ್ ನಿಜವಾಗಿಯೂ ಸತ್ತಾಗ ಕಂಪೋಸ್ ಫೈಲ್ ಮತ್ತು ಕಾನ್ಫಿಗ್ ಫೋಲ್ಡರ್ ಇದ್ದರೆ ಸಾಕು, ಬೇರೆ ಕಾರ್ಡ್‌ನಲ್ಲಿ ಅದೇ ಸಂಜೆ ಎದ್ದು ನಿಲ್ಲುತ್ತದೆ. ಆಲ್ಪೈನ್ ಅನ್ನುವ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ ಇಮೇಜ್ (ಕಂಟೇನರ್‌ನ ಅಚ್ಚು) ತಗೊಂಡರೆ ಗಾತ್ರವೂ ಕಡಿಮೆ. ಆಲ್ಪೈನ್‌ನ ಮೂಲ ಇಮೇಜ್ ಇಳಿಸಲು 5 ಎಂಬಿ ಆಸುಪಾಸು ಅಷ್ಟೇ.

ದುರ್ಗಿಗುಡಿ_ಟೆಕ್ ಹೇಳಿದ ಲಾಗ್ ವಿಷಯ ಮಾತ್ರ ನಿಜ. ಡಾಕರ್‌ನ ಮಾಮೂಲಿ ಜೇಸನ್ ಲಾಗ್‌ಗೆ ಮಿತಿಯೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಮ್ಯಾಕ್ಸ್-ಸೈಜ್ ಹಾಕಿ, ಇಲ್ಲವೇ ಲೋಕಲ್ ಡ್ರೈವರ್‌ಗೆ ಬದಲಿಸಿ.

ಸೊರಬದವ

ಬ್ಯಾಕಪ್‌ಗೆ ಡಾಕರ್ ಬೇಕಾ? ನಾನು ಒಂದು ಕಾನ್ಫಿಗ್ ಫೈಲನ್ನು ನನಗೇ ಮೇಲ್ ಮಾಡಿಕೊಂಡಿದ್ದೇನೆ. ಅದೇ ಬ್ಯಾಕಪ್.

ಇಂಬಳ

ನಿಮ್ಮಿಬ್ಬರ ಜಗಳ ಮುಗಿಯುವಷ್ಟರಲ್ಲಿ ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿದಿರುತ್ತದೆ.

ತೋಟದಮನೆ

ಟರ್ಮಿನಲ್_ಅಕ್ಕ ಹೇಳಿದ ಹಾಗೆ ತಾರೀಕು ಹಿಂದೆ ಹಾಕಿ ನೋಡಿದೆ. ಅದೇ ಸರ್ವ್‌ಫೇಲ್! ಲಾಗ್‌ನಲ್ಲಿ ವ್ಯಾಲಿಡೇಶನ್ ಫೇಲ್ಯೂರ್ ಅಂತ ಸಾಲು ಸಾಲು. ಸಹಿ ಶುರುವಾಗುವ ತಾರೀಕು ಇನ್ನೂ ಬಂದಿಲ್ಲ ಎನ್ನುವ ಅರ್ಥದ ಮಾತು. ತಾರೀಕು ಸರಿ ಮಾಡಿ ರೀಸ್ಟಾರ್ಟ್ ಕೊಟ್ಟೆ, ಎಲ್ಲ ಸೈಟ್ ತೆರೆಯಿತು. ಹಾಗಾದರೆ ಗಡಿಯಾರದ್ದೇ ಕಿತಾಪತಿಯಾ?

ಟರ್ಮಿನಲ್_ಅಕ್ಕ

ಹೌದು, ಗಡಿಯಾರವೇ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಇದು ಪ್ರತಿ ಮಳೆಗಾಲದ ರೋಗ.

ಪೈ 3, ಪೈ 4, ಝೀರೋ ಯಾವುದರಲ್ಲೂ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಸಮಯ ಮರೆತುಹೋಗುತ್ತದೆ. ಉಬುಂಟುವಿನ ಟೈಮ್‌ಸಿಂಕ್ ಆಗಾಗ ಸಮಯವನ್ನು ಒಂದು ಫೈಲ್‌ನಲ್ಲಿ ಗುರುತಿಟ್ಟಿರುತ್ತದೆ. ಮತ್ತೆ ಎದ್ದಾಗ ಅಲ್ಲಿಂದಲೇ ಮುಂದುವರಿಸುತ್ತದೆ. ಅಂದರೆ ಸೋಮವಾರ ಸಂಜೆ ಕರೆಂಟ್ ಹೋಗಿ ಬುಧವಾರ ಸಂಜೆ ಬಂದರೆ, ನಿಮ್ಮ ಪೈಗೆ ಇನ್ನೂ ಸೋಮವಾರ ಸಂಜೆಯೇ.

ಅನ್‌ಬೌಂಡ್ ಡಿಎನ್ಎಸ್‌ಸೆಕ್ ಸಹಿ, ಅಂದರೆ ಉತ್ತರ ಅಸಲಿ ಅಂತ ತೋರಿಸುವ ಡಿಜಿಟಲ್ ಗುರುತು, ನೋಡುತ್ತದೆ. ಪ್ರತಿ ಸಹಿಗೂ ಶುರುವಿನ ತಾರೀಕು, ಮುಗಿಯುವ ತಾರೀಕು ಇರುತ್ತದೆ. ರೂಟ್ ಝೋನ್‌ನ (ಡಿಎನ್ಎಸ್‌ನ ಎಲ್ಲ ಹೆಸರುಗಳ ಬುಡ) ಸಹಿಗಳ ಆಯಸ್ಸು ಎರಡು ವಾರಕ್ಕಿಂತ ಸ್ವಲ್ಪ ಕಡಿಮೆ, ದಿನವೂ ಹೊಸದಾಗಿ ಹಾಕುತ್ತಿರುತ್ತಾರೆ. ಸೋಮವಾರದಲ್ಲೇ ನಿಂತ ಪೈಗೆ ಬುಧವಾರದ ಸಹಿ ತೋರಿಸಿದರೆ ಅದು ಒಪ್ಪುವುದಿಲ್ಲ. ರೂಟ್‌ನಲ್ಲೇ ಬಿದ್ದರೆ ಕೆಳಗಿನದ್ದು ಯಾವುದೂ ಏಳುವುದಿಲ್ಲ. ನೀವು ಕಾನ್ಫಿಗ್‌ನಲ್ಲೇ ಬರೆದಿಟ್ಟ ಕ್ಯಾಮೆರಾ ಹೆಸರಿಗೆ ಸಹಿ ನೋಡುವ ಕೆಲಸವೇ ಇಲ್ಲ, ಅದಕ್ಕೇ ಅದು ಸಿಗುತ್ತದೆ.

ಚಿಕ್ಕ ಕಟ್‌ಗೆ ಯಾಕೆ ಕೆಡುವುದಿಲ್ಲ ಅಂದರೆ, ಅನ್‌ಬೌಂಡ್ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಸಹಿಯ ಆಯಸ್ಸಿನ ಶೇ 10ರಷ್ಟು ಗಡಿಯಾರ ಆಚೀಚೆ ಇದ್ದರೂ ನಡೆಯುತ್ತದೆ. ಕನಿಷ್ಠ 1 ಗಂಟೆ, ಹೆಚ್ಚೆಂದರೆ 24 ಗಂಟೆ. ನಿಮ್ಮ ಎರಡು ದಿನ ಆ ಲೆಕ್ಕ ಮೀರುತ್ತದೆ.

ಸರಿ, ಎನ್‌ಟಿಪಿ (ನೆಟ್‌ನಿಂದ ಸರಿಯಾದ ಸಮಯ ತರುವ ವ್ಯವಸ್ಥೆ) ಸಮಯ ತಿದ್ದಬೇಕಿತ್ತಲ್ಲ? ಎನ್‌ಟಿಪಿ ಸರ್ವರ್‌ಗೂ ಒಂದು ಹೆಸರಿದೆ. ಆ ಹೆಸರನ್ನು ಪೈ ಕೇಳುವುದು 127.0.0.1ನಲ್ಲಿರುವ ಅದೇ ಅನ್‌ಬೌಂಡ್ ಹತ್ತಿರ. ಅದು ಸರ್ವ್‌ಫೇಲ್ ಅನ್ನುತ್ತದೆ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅಂತಾರಲ್ಲ, ಅದೇ. ಹೊಸದಾಗಿ ಕಾರ್ಡ್ ಬರೆದಾಗ ಪೈ ಮೊದಲು ರೂಟರ್‌ನ ಡಿಎನ್ಎಸ್ ಬಳಸುತ್ತದೆ, ಸಮಯ ತಿದ್ದಿಕೊಳ್ಳುತ್ತದೆ. ಆಮೇಲೆ ನೀವು 127.0.0.1 ಹಾಕುತ್ತೀರಿ. ಅದಕ್ಕೇ ಕಾರ್ಡ್ ಮೇಲೆ ಎಲ್ಲರಿಗೂ ಅನುಮಾನ.

ಪರಿಹಾರ ಒಂದೇ ಸಾಲು: ಪೈನ ಸ್ವಂತ ಡಿಎನ್ಎಸ್ ಕಂಟೇನರ್‌ಗೆ ತೋರಿಸಬೇಡಿ, ರೂಟರ್‌ಗೆ ಅಥವಾ ಹೊರಗಿನ ಯಾವುದಾದರೂ ಡಿಎನ್ಎಸ್‌ಗೆ ತೋರಿಸಿ. ಮನೆಯವರೆಲ್ಲ ಕಂಟೇನರ್ ಕೇಳಲಿ, ಪೈ ಮಾತ್ರ ಕೇಳುವುದು ಬೇಡ. ಇನ್ನೊಂದು ಲಾಭವೂ ಇದೆ. ಕಂಟೇನರ್ ಅಪ್‌ಡೇಟ್ ಮಾಡಲು ಹಳೆಯದನ್ನು ನಿಲ್ಲಿಸಿದಾಗ, ಹೊಸ ಇಮೇಜ್ ಎಳೆಯಲು ಪೈಗೆ ಡಿಎನ್ಎಸ್ ಬೇಕು. ಅದೂ ನಿಂತ ಕಂಟೇನರ್‌ನಲ್ಲೇ ಇದ್ದರೆ ಎಳೆಯುವುದು ಎಲ್ಲಿಂದ?

ಕೊಡಚಾದ್ರಿ_ಗಾಳಿ

ಇಷ್ಟೆಲ್ಲ ಯಾಕೆ? ಡಿಎನ್ಎಸ್‌ಸೆಕ್ ಆಫ್ ಮಾಡಿ. ಮನೆಯಲ್ಲಿ ಯಾರಿಗೆ ಬೇಕು ಅದು.

ಬೈನರಿ_ಭಟ್ರು

ಆಫ್ ಮಾಡುವುದಾದರೆ ಅನ್‌ಬೌಂಡ್ ಯಾಕೆ ಇಟ್ಟುಕೊಳ್ಳಬೇಕು ಗಾಳಿ ಅವರೇ? ಸಹಿ ನೋಡುತ್ತದೆ ಅಂತಲೇ ಅದನ್ನು ಹಾಕುವುದು. ಪೂರ್ತಿ ಆಫ್ ಮಾಡುವ ಬದಲು ಎನ್‌ಟಿಪಿಯ ಡೊಮೇನ್ ಒಂದನ್ನೇ ಡೊಮೇನ್-ಇನ್‌ಸೆಕ್ಯೂರ್ ಅಂತ ಬರೆದರೆ ಆ ಹೆಸರಿಗೆ ಮಾತ್ರ ಸಹಿ ಕೇಳುವುದಿಲ್ಲ. ಡಿಎನ್ಎಸ್‌ಮಾಸ್ಕ್‌ನಲ್ಲೂ ಸಮಯ ಸರಿ ಆಗುವ ತನಕ ತಾರೀಕು ನೋಡಬೇಡ ಅನ್ನುವ ಆಯ್ಕೆ ಇದೆ.

ಹೆಂಚಿನಮಾಡು

ನಾನು ಹೊಸನಗರದ ಹತ್ತಿರ. ಡಿಎಸ್3231 ಅಂತ ಒಂದು ಸಣ್ಣ ಗಡಿಯಾರದ ಬೋರ್ಡ್ ಸಿಗುತ್ತದೆ, ನಾಣ್ಯದಂಥ ಬ್ಯಾಟರಿ ಹಾಕುವುದು. ಪೈನ ಪಿನ್‌ಗಳ ಮೇಲೆ ಕೂರಿಸಿ ಕಾನ್ಫಿಗ್‌ನಲ್ಲಿ ಒಂದು ಓವರ್‌ಲೇ ಸಾಲು ಸೇರಿಸಿದರೆ ಆಯಿತು. ಕೆಲವೇ ನೂರು ರೂಪಾಯಿ. ಫೈಬರ್ ಕಟ್ ಆಗಿ ಎನ್‌ಟಿಪಿಯೇ ಸಿಗದಿದ್ದರೂ ಸಮಯ ಸರಿ ಇರುತ್ತದೆ. ಕ್ಯಾಮೆರಾ ರೆಕಾರ್ಡಿಂಗ್‌ಗೆ ಸರಿಯಾದ ತಾರೀಕು ಬೇಕು ಅಂದರೆ ಇದೇ ವಾಸಿ.

ದುರ್ಗಿಗುಡಿ_ಟೆಕ್

ಪೈ 5 ತಗೊಳ್ಳಿ, ಗಡಿಯಾರ ಒಳಗೇ ಇದೆ.

ಹೆಂಚಿನಮಾಡು

ಇದೆ, ಆದರೆ ಬ್ಯಾಟರಿ ಬೇರೆ ತಂದು ಸಿಕ್ಕಿಸಬೇಕು. ಬ್ಯಾಟರಿ ಇಲ್ಲದಿದ್ದರೆ ಅದೂ ಮರೆಯುತ್ತದೆ. ಒಂದು ಡಿಎನ್ಎಸ್‌ಗೆ ಪೈ 5 ತಗೊಳ್ಳಿ ಅನ್ನುವುದು ನಿಮ್ಮ ಅಂಗಡಿಗೆ ಒಳ್ಳೆಯದು ಬಿಡಿ.

ದುರ್ಗಿಗುಡಿ_ಟೆಕ್

ಅಂಗಡಿ ನನ್ನದಲ್ಲ ಸ್ವಾಮಿ, ಭಾವನದ್ದು 😄

ಶರಾವತಿ_ಹಿನ್ನೀರು

ಗಡಿಯಾರದ ಮಾತು ಬಂತಲ್ಲ, ಒಂದು ಸಣ್ಣ ಸೇರಿಕೆ. ಕಂಟೇನರ್‌ಗೆ ಸ್ವಂತ ಗಡಿಯಾರ ಇಲ್ಲ, ಹೋಸ್ಟ್‌ನದ್ದೇ, ಅಂದರೆ ಪೈನದ್ದೇ ಅದಕ್ಕೂ. ಎನ್‌ಟಿಪಿಯನ್ನು ಇನ್ನೊಂದು ಕಂಟೇನರ್‌ನಲ್ಲಿ ಹಾಕಲು ಹೋಗಬೇಡಿ, ಸಮಯ ತಿದ್ದಲು ಅದಕ್ಕೆ ವಿಶೇಷ ಅನುಮತಿ ಕೊಡಬೇಕಾಗುತ್ತದೆ. ಹೋಸ್ಟ್‌ನಲ್ಲೇ ಇರಲಿ.

ನಾನು ಸಾಗರ ತಾಲ್ಲೂಕಿನ ಒಳಗಿನವನು. ನನ್ನ ಅಭಿಪ್ರಾಯದಲ್ಲಿ ಇಲ್ಲಿಗೆ ಅನ್‌ಬೌಂಡ್‌ನ ಪೂರ್ತಿ ರಿಕರ್ಸಿವ್ ಬೇಡವೇ ಬೇಡ. ಅದು ರೂಟ್‌ನಿಂದ ಶುರು ಮಾಡಿ ಒಂದೊಂದೇ ಸರ್ವರ್ ಕೇಳುತ್ತಾ ಬರುತ್ತದೆ. ಕ್ಯಾಶ್ (ಮೊದಲು ಸಿಕ್ಕ ಉತ್ತರಗಳ ನೆನಪು) ತುಂಬಿದ ಮೇಲೆ ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕರೆಂಟ್ ಹೋದಾಗೆಲ್ಲ ಕ್ಯಾಶ್ ಖಾಲಿ, ಮತ್ತೆ ಮೊದಲಿಂದ. ಮಳೆಗಾಲದಲ್ಲಿ ನಮಗೆ ಕ್ಯಾಶ್ ತುಂಬುವಷ್ಟು ಹೊತ್ತು ಕರೆಂಟ್ ಇರುವುದೇ ಅಪರೂಪ. ಫಾರ್ವರ್ಡರ್ ಆದರೆ 1.1.1.1 ಅಥವಾ 9.9.9.9 ಹತ್ತಿರ ಒಂದೇ ಪ್ರಶ್ನೆ, ಒಂದೇ ಉತ್ತರ. ಡಿಎನ್ಎಸ್‌ಮಾಸ್ಕ್ ಹಾಕುವವರು ಕ್ಯಾಶ್ ಸೈಜ್ ಜಾಸ್ತಿ ಮಾಡಿಕೊಳ್ಳಿ, ಮಾಮೂಲಿ 150 ಹೆಸರು ಮಾತ್ರ. ಒಂದು ನ್ಯೂಸ್ ಪೇಜ್ ತೆರೆದರೆ ಎಷ್ಟು ಹೆಸರು ಕೇಳುತ್ತದೆ ಅಂತ ಲಾಗ್ ನೋಡಿದರೆ ಗೊತ್ತಾಗುತ್ತದೆ.

ಕೊಡಚಾದ್ರಿ_ಗಾಳಿ

ಅನ್‌ಬೌಂಡ್‌ನಲ್ಲಿ ಸರ್ವ್-ಎಕ್ಸ್‌ಪೈರ್ಡ್ ಆನ್ ಮಾಡಿದರೆ ಹಳೇ ಉತ್ತರ ಕೊಡುತ್ತದೆ. ನೆಟ್ ಇಲ್ಲದಾಗ ಅನುಕೂಲ.

ಶರಾವತಿ_ಹಿನ್ನೀರು

ಫೈಬರೇ ಕಟ್ ಆಗಿದ್ದಾಗ ಹಳೇ ಐಪಿ ಸಿಕ್ಕಿ ಏನು ಪ್ರಯೋಜನ? ಲೈನ್ ಇದ್ದೂ ಮೇಲಿನ ಡಿಎನ್ಎಸ್ ತಡವರಿಸುವಾಗ ಅದು ಕೆಲಸಕ್ಕೆ ಬರುತ್ತದೆ, ಆಗ ಇರಲಿ. ರೀಸ್ಟಾರ್ಟ್ ಆದರೆ ಅದೂ ಖಾಲಿ.

ಇಂಬಳ

ಫೈಬರ್ ಕಟ್ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆ ಮಂಗಗಳು ಕೇಬಲ್ ಮೇಲೆ ಜೋತಾಡಿ ಕಿತ್ತು ಹಾಕುತ್ತಿವೆ. ಇದಕ್ಕೆ ಯಾವ ಕಂಟೇನರ್?

ಸೊರಬದವ

ಮಂಗಕ್ಕೆ ಬೋನು. ಅದೂ ಕಂಟೇನರೇ.

ತೋಟದಮನೆ

😂 ನಮ್ಮಲ್ಲಿ ಮಂಗಕ್ಕೆ ಅಡಿಕೆ ಸಿಂಗಾರವೇ ಸಾಕು, ಕೇಬಲ್ ತನಕ ಬಂದಿಲ್ಲ.

ಇನ್ನೊಂದು ಪ್ರಶ್ನೆ. ಪ್ರತಿ ಸಲ ಉಬುಂಟು ಹೊಸದಾಗಿ ಹಾಕಿದಾಗ ಡಿಎನ್ಎಸ್‌ನ 53ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಡಾಕರ್ ತಕರಾರು ಮಾಡುತ್ತದೆ. ಉಬುಂಟುವಿನದ್ದೇ ಡಿಎನ್ಎಸ್ ಸರ್ವಿಸ್ ಆದ ಸಿಸ್ಟಮ್‌ಡಿ-ರಿಸಾಲ್ವ್ಡ್ ನಿಲ್ಲಿಸಿಬಿಡುತ್ತೇನೆ. ಅದು ಸರಿಯಾ?

ಟರ್ಮಿನಲ್_ಅಕ್ಕ

ನಿಲ್ಲಿಸಬೇಕಾಗಿಲ್ಲ. ರಿಸಾಲ್ವ್ಡ್ ಕೂತಿರುವುದು 127.0.0.53ರಲ್ಲಿ. ನೀವು ಪೋರ್ಟ್ ತೆರೆಯುವಾಗ ಬರೀ 53 ಅಂತ ಬರೆದರೆ ಡಾಕರ್ ಎಲ್ಲ ವಿಳಾಸಕ್ಕೂ ಕೈ ಹಾಕುತ್ತದೆ, ಆಗ ಜಗಳ. ಪೈನ ಲ್ಯಾನ್ ಐಪಿ ಸೇರಿಸಿ ಬರೆಯಿರಿ. ಯುಡಿಪಿ, ಟಿಸಿಪಿ ಎರಡೂ ಬೇಕು. ತುಂಬ ಜನ ಯುಡಿಪಿ ಮಾತ್ರ ತೆರೆಯುತ್ತಾರೆ, ದೊಡ್ಡ ಉತ್ತರ ಬಂದಾಗ ಟಿಸಿಪಿಗೆ ಹೋಗಲಾಗದೆ ಕೆಲವು ಸೈಟ್ ಮಾತ್ರ ತೆರೆಯುವುದಿಲ್ಲ.

ಒಂದು ಎಚ್ಚರಿಕೆ. ಕರೆಂಟ್ ಬಂದಾಗ ರೂಟರ್ ನಿಧಾನಕ್ಕೆ ಏಳುತ್ತದೆ, ಪೈ ಬೇಗ ಏಳುತ್ತದೆ. ಐಪಿ ಇನ್ನೂ ಸಿಗದೆ ಇದ್ದರೆ ಡಾಕರ್ ಆ ವಿಳಾಸಕ್ಕೆ ಕಟ್ಟಿಕೊಳ್ಳಲಾಗದೆ ಕಂಟೇನರ್ ಬೀಳುತ್ತದೆ. ಪೈಗೆ ಸ್ಟಾಟಿಕ್ ಐಪಿ ಕೊಡಿ. ಇಲ್ಲದಿದ್ದರೆ ಹೋಸ್ಟ್ ನೆಟ್‌ವರ್ಕ್‌ನಲ್ಲಿ ಓಡಿಸಿ. ಹೋಸ್ಟ್ ನೆಟ್‌ವರ್ಕ್ ಆದರೆ ಯಾವ ಫೋನ್ ಏನು ಕೇಳಿತು ಅಂತ ಸರಿಯಾದ ಐಪಿ ಸಮೇತ ಕಾಣುತ್ತದೆ. ಡಾಕರ್‌ನ ಬ್ರಿಡ್ಜ್ ಮೂಲಕ ಬಂದರೆ ಕೆಲವು ಸೆಟಪ್‌ಗಳಲ್ಲಿ ಎಲ್ಲರೂ 172.17.0.1 ಅಂತಲೇ ಕಾಣುವುದುಂಟು.

ರೂಟರ್‌ನಲ್ಲಿ 53ನ್ನು ಹೊರಗಡೆಗೆ ಫಾರ್ವರ್ಡ್ ಮಾತ್ರ ಮಾಡಬೇಡಿ. ಬೇರೆಯವರ ಮೇಲೆ ದಾಳಿ ಮಾಡಲು ನಿಮ್ಮ ಪೈ ಬಳಸುತ್ತಾರೆ. ಪೈನಲ್ಲೇ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಇದೆ ಅಂತ ಧೈರ್ಯ ಬೇಡ, ಡಾಕರ್ ತೆರೆದ ಪೋರ್ಟ್ ಅದನ್ನು ದಾಟಿಕೊಂಡು ಹೋಗುತ್ತದೆ.

ಜೋಗದ_ಸಿರಿ

ಅಪ್ಪನ ಫೋನಿನ ಜಾಹೀರಾತಿನ ಬಗ್ಗೆ ಯಾರೂ ಹೇಳಲಿಲ್ಲ. ಪೈ ಹೋಲ್ ಅಥವಾ ಆಡ್‌ಗಾರ್ಡ್ ಹೋಂ ಹಾಕಬಹುದು, ಎರಡೂ ಪೈ 3ಕ್ಕೆ ಭಾರ ಅಲ್ಲ. ಆಡ್‌ಗಾರ್ಡ್ ಒಂದೇ ಬೈನರಿ, ನನಗೆ ಅದು ಸಲೀಸು ಅನ್ನಿಸಿತು. ಆದರೆ ಯೂಟ್ಯೂಬ್ ಜಾಹೀರಾತು ಹೋಗುತ್ತದೆ ಅಂತ ಅಪ್ಪನಿಗೆ ಮಾತು ಕೊಡಬೇಡಿ. ವಿಡಿಯೋ ಬರುವ ಡೊಮೇನ್‌ಗಳಿಂದಲೇ ಅದೂ ಬರುತ್ತದೆ, ಡಿಎನ್ಎಸ್‌ನಲ್ಲಿ ಬೇರೆ ಮಾಡಲು ಆಗುವುದಿಲ್ಲ. ಅಡಿಕೆ ದರ ನೋಡುವ ಸೈಟ್, ಪಂಚಾಂಗದ ಆ್ಯಪ್, ಇವುಗಳಲ್ಲಿ ಬರುವ ಕಾಟ ಕಡಿಮೆ ಆಗುತ್ತದೆ.

ಫೋನ್‌ನಲ್ಲಿ ಪ್ರೈವೇಟ್ ಡಿಎನ್ಎಸ್ ಅಂತ ಸೆಟಿಂಗ್ ಇದೆ, ಆಂಡ್ರಾಯ್ಡ್ 9ರಿಂದ ಬಂದದ್ದು. ಅಲ್ಲಿ ಯಾವುದಾದರೂ ಹೆಸರು ಹಾಕಿಟ್ಟಿದ್ದರೆ ನಿಮ್ಮ ಪೈಯನ್ನು ಅದು ಕೇಳುವುದೇ ಇಲ್ಲ. ರೂಟರ್‌ನಲ್ಲಿ ಐಪಿವಿ6 ಆನ್ ಇದ್ದರೆ ಅದನ್ನೂ ನೋಡಿ. ಐಪಿವಿ6 ಡಿಎನ್ಎಸ್ ಅಂತ ರೂಟರ್ ತನ್ನನ್ನೇ ಸಾರಿಕೊಂಡರೆ ಫೋನ್ ಆ ಕಡೆ ಹೋಗುತ್ತದೆ.

ಬೈನರಿ_ಭಟ್ರು

ಹೋಂಸ್ಟೇ ಅಂದಿರಲ್ಲ. ಅತಿಥಿಗಳೂ ಇದೇ ಡಿಎನ್ಎಸ್ ಬಳಸುತ್ತಾರಾ? ಹಾಗಿದ್ದರೆ ಕ್ವೆರಿ ಲಾಗ್ ಆಫ್ ಮಾಡಿ. ಯಾರು ರಾತ್ರಿ ಯಾವ ಸೈಟ್ ನೋಡಿದರು ಅನ್ನುವುದು ನಿಮಗೆ ಯಾಕೆ? ಪೈ ಹೋಲ್‌ನಲ್ಲಿ ಪ್ರೈವಸಿ ಲೆವೆಲ್ 0ರಿಂದ 3ರವರೆಗೆ ಇದೆ, 3 ಇಟ್ಟರೆ ಯಾರದ್ದೂ ಗೊತ್ತಾಗುವುದಿಲ್ಲ. ಕಾರ್ಡ್‌ಗೂ ಒಳ್ಳೆಯದು.

ದುರ್ಗಿಗುಡಿ_ಟೆಕ್

ಯಾರಾದರೂ ಏನಾದರೂ ಮಾಡಿದರೆ ಮನೆ ಮಾಲೀಕರ ತಲೆಗೆ ಬರುತ್ತದೆ. ಲಾಗ್ ಇರಬೇಕು.

ಬೈನರಿ_ಭಟ್ರು

ಡಿಎನ್ಎಸ್ ಲಾಗ್‌ನಲ್ಲಿ ಇರುವುದು ಡೊಮೇನ್ ಹೆಸರು ಅಷ್ಟೇ. ಯಾರು ಏನು ಮಾಡಿದರು ಅಂತ ಅದರಿಂದ ತೋರಿಸಲು ಆಗುವುದಿಲ್ಲ. ಅಂಥ ಭಯ ಇದ್ದರೆ ರೂಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿ, ಅದಕ್ಕೆ ಹೊರಗಿನ ಡಿಎನ್ಎಸ್ ಕೊಡಿ. ಪೈ ಕೆಟ್ಟರೂ ಅತಿಥಿಗಳು ಬಂದು ಬಾಗಿಲು ಬಡಿಯುವುದಿಲ್ಲ.

ಕೊಡಚಾದ್ರಿ_ಗಾಳಿ

ಅಥವಾ ಡಿಎಚ್‌ಸಿಪಿಯಲ್ಲಿ ಎರಡನೇ ಡಿಎನ್ಎಸ್ ಅಂತ 8.8.8.8 ಕೊಡಿ. ಪೈ ಸತ್ತರೆ ಅದು ಹಿಡಿಯುತ್ತದೆ.

ಟರ್ಮಿನಲ್_ಅಕ್ಕ

ಎರಡನೆಯದು ಅಂದರೆ ಮೊದಲನೆಯದು ಸತ್ತಾಗ ಮಾತ್ರ ಅಂತ ಎಲ್ಲ ಸಾಧನಗಳೂ ನಡೆದುಕೊಳ್ಳುವುದಿಲ್ಲ. ಕೆಲವು ಎರಡನ್ನೂ ಮನಸ್ಸಿಗೆ ಬಂದ ಹಾಗೆ ಕೇಳುತ್ತವೆ. ಜಾಹೀರಾತು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಕ್ಯಾಮೆರಾದ ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಹುಡುಕಿ ಹುಡುಕಿ ಸಾಕಾಗುತ್ತದೆ. ಭಟ್ರು ಹೇಳಿದ ಗೆಸ್ಟ್ ವೈಫೈ ದಾರಿ ಒಳ್ಳೆಯದು.

ತೋಟದಮನೆ

ಎಲ್ಲರಿಗೂ ಥ್ಯಾಂಕ್ಸ್. ಈಗ ಮಾಡಿದ್ದು: ಪೈನ ಡಿಎನ್ಎಸ್ ರೂಟರ್‌ಗೆ ತೋರಿಸಿದೆ, ಸ್ಟಾಟಿಕ್ ಐಪಿ ಕೊಟ್ಟೆ, ಲಾಗ್‌ಗೆ ಮಿತಿ ಹಾಕಿದೆ, ಅತಿಥಿಗಳ ವೈಫೈ ಬೇರೆ ಮಾಡಿದೆ. ಆಮೇಲೆ ಮತ್ತೆ ತಾರೀಕು ಎರಡು ದಿನ ಹಿಂದೆ ಹಾಕಿ ಟೈಮ್‌ಸಿಂಕ್ ಆನ್ ಮಾಡಿ ರೀಬೂಟ್ ಕೊಟ್ಟೆ. ಸ್ವಲ್ಪ ಹೊತ್ತು ಸರ್ವ್‌ಫೇಲ್, ಆಮೇಲೆ ತಾನಾಗಿಯೇ ಸರಿ ಹೋಯಿತು. ಅನ್‌ಬೌಂಡ್ ಹಾಗೇ ಇಟ್ಟುಕೊಳ್ಳುತ್ತೇನೆ, ಆದರೆ ಫಾರ್ವರ್ಡರ್ ಮಾಡಿ. ಡಾಕರ್ ಕೂಡ ಇರಲಿ. ಸೊರಬದವ ಅವರು ಬೇಜಾರು ಮಾಡಿಕೊಳ್ಳಬಾರದು. ಗಡಿಯಾರದ ಬೋರ್ಡ್ ಶಿವಮೊಗ್ಗಕ್ಕೆ ಹೋದಾಗ ಹುಡುಕುತ್ತೇನೆ.

ಸೊರಬದವ

ಬೇಜಾರು ಏನಿಲ್ಲ. ಮುಂದಿನ ಅಪ್‌ಡೇಟ್ ದಿನ ಮತ್ತೆ ಇಲ್ಲೇ ಸಿಗುತ್ತೀರಲ್ಲ.

ಹೊಸಬ_ಕೊಪ್ಪ

ಇದೇ ಎಳೆಯಲ್ಲಿ ಕೇಳಬಹುದಾ? ನನ್ನ ಹತ್ತಿರ ಪೈ ಝೀರೋ ಡಬ್ಲ್ಯೂ ಇದೆ, ಝೀರೋ 2 ಅಲ್ಲ. ಇದೇ ಅನ್‌ಬೌಂಡ್ ಇಮೇಜ್ ಹಾಕಿದರೆ ಇಳಿಯುತ್ತದೆ, ಓಡುವುದಿಲ್ಲ. ಶುರುವಾದ ಕೂಡಲೇ ಬೀಳುತ್ತದೆ.

ಟರ್ಮಿನಲ್_ಅಕ್ಕ

ಹಳೇ ಝೀರೋದ ಪ್ರೊಸೆಸರ್ ಎಆರ್‌ಎಂವಿ6. ಡೆಬಿಯನ್ ಮೇಲೆ ಕಟ್ಟಿದ 32 ಬಿಟ್ ಇಮೇಜ್‌ಗಳು ಹೆಚ್ಚಾಗಿ ವಿ7ಕ್ಕೆ ಮಾಡಿದವು, ಅದರಲ್ಲಿ ಓಡುವುದಿಲ್ಲ. ಆಲ್ಪೈನ್‌ನಲ್ಲಿ ವಿ6 ಇಮೇಜ್ ಇದೆ. ಅದರ ಮೇಲೆ ಆಲ್ಪೈನ್‌ನ ಪ್ಯಾಕೇಜ್ ಮ್ಯಾನೇಜರ್ ಎಪಿಕೆಯಿಂದ ಅನ್‌ಬೌಂಡ್ ಹಾಕಿ ನೀವೇ ಇಮೇಜ್ ಕಟ್ಟಿಕೊಳ್ಳಿ, ಡಾಕರ್‌ಫೈಲ್ ನಾಲ್ಕೈದು ಸಾಲು ಅಷ್ಟೇ. 512 ಎಂಬಿ ರ್ಯಾಮ್, ಒಂದೇ ಕೋರ್ ಇರುವ ಬೋರ್ಡ್. ನಿಜ ಹೇಳಬೇಕೆಂದರೆ ಅದರಲ್ಲಿ ಡಾಕರ್ ಬೇಡ, ನೇರ ಡಿಎನ್ಎಸ್‌ಮಾಸ್ಕ್ ಹಾಕಿ.

ಸೊರಬದವ

ಅಕ್ಕ, ಈ ಮಾತನ್ನು ಮೇಲೆ ಪಿನ್ ಮಾಡಿ.